ಡಾಕ್ಟರ ಅಕ್ಷರ

“ಇಲ್ಲಿರೋದು ಎರಡೇ ಗೆರೆ. ನೀವು ಆಗಲೇ ಒಂದು ಪುಟ ಓದಿದಿರಲ್ಲಮ್ಮಾ?” ಎಂದು ಊರ ಇತಿಹಾಸ ಸಂಘದ ಕಾರ್ಯದರ್ಶಿ ಕನ್ನಡಕ ಏರಿಸಿಕೊಂಡು ಡೈರಿಯ ಮೇಲೆ ಬಗ್ಗಿದರು.

“ಡಾಕ್ಟರ ಅಕ್ಷರ ಸ್ವಾಮೀ. ನಮ್ಮನೆಯವರು ಅರ್ಧ ಗೆರೆ ಗೀಚಿದ್ರೆ ನೀವು ಮೂರು ಬಾಟಲಿ ಔಷಧಿ ಹಿಡ್ಕೊಂಡು ಹೋಗ್ತಿರಲಿಲ್ವಾ?” ಎಂದರು ಡಾಕ್ಟರ ಹೆಂಡತಿ. ಪಕ್ಕದಲ್ಲಿ ಟೈಪ್ ಮಾಡುತ್ತಿದ್ದ ಟೀಚರ್ ಕೆಮ್ಮಿನ ನೆಪದಲ್ಲಿ ನಕ್ಕರು.

ಮೂರು ವಾರದಿಂದ ಹೀಗೇ ನಡೆದಿತ್ತು. ಸಂಘವೆಂದರೆ ಸಂಬಳವಿಲ್ಲದ ಒಂಬತ್ತು ಜನ, ಗ್ರಂಥಾಲಯದ ಹಿಂದೊಂದು ಕೋಣೆ, ಅದರ ಬೀರುವಿನಲ್ಲಿ ಊರಿನ ಮೊದಲ ನಲ್ಲಿ, ಯಾರದೋ ಊರುಗೋಲು, ಕಾರ್ಯದರ್ಶಿಯ ತಾತನ ನಾಲ್ಕು ಫೋಟೋ. ಅಂಥಲ್ಲಿಗೆ ತೀರಿಹೋದ ಡಾಕ್ಟರ ನಲವತ್ತು ಡೈರಿಗಳು ಬಂದಿದ್ದೇ ತಡ, ಪುಸ್ತಕ ಮಾಡುವ ಉಮೇದು ಹತ್ತಿತು. ತೊಡಕು ಒಂದೇ. ಆ ಅಕ್ಷರ ಓದಬಲ್ಲವರು ಊರಲ್ಲಿ ಉಳಿದಿದ್ದು ಹೆಂಡತಿ ಒಬ್ಬರೇ.

ಕಾರ್ಯದರ್ಶಿ ಬಿಡಲಿಲ್ಲ. “ವಾಂತಿಭೇದಿಯ ವರ್ಷ ಡಾಕ್ಟರು ಜ್ವರ ಬಂದು ಮಲಗಿದ್ರು, ನೀವೇ ಮನೆಮನೆಗೆ ಹೋಗಿ ಉಪ್ಪು ಸಕ್ಕರೆ ನೀರು ಕುಡಿಸಿ ಊರು ಉಳಿಸಿದ್ರಿ ಅಂತ ಅವರೇ ಬರೆದಿದಾರಾ? ಅಂಥ ಮಾತು ಅವರ ಬಾಯಲ್ಲಿ ನಾನು ಯಾವತ್ತೂ ಕೇಳಿಲ್ಲ.”

“ನಾನೂ ಕೇಳಿಲ್ಲ. ಬಾಯಲ್ಲಿ ಬರದ್ದನ್ನ ಬರೆಯೋಕೆ ತಾನೇ ಡೈರಿ ಇರೋದು?”

“ಹಾಗಾದ್ರೆ ಪುಸ್ತಕದಲ್ಲಿ ನಿಮ್ಮ ಫೋಟೋನೂ ಹಾಕ್ಬೇಕಾಗುತ್ತೆ,” ಎಂದು ಕಾರ್ಯದರ್ಶಿ ಗೊಣಗಿದರು. ತಾತನ ಫೋಟೋಗಳಲ್ಲಿ ಯಾವುದನ್ನು ಬಿಡುವುದೆಂಬ ಚಿಂತೆಯಲ್ಲೇ ಚಹಾ ಕುಡಿಯಲು ಹೊರಟರು.

ಆಕೆ ಡೈರಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮೊದಲ ದಿನ ಹೀಗೆ ಓದುವಾಗ ನಾಲಿಗೆ ತೊದಲಿತ್ತು. ನಲವತ್ತೂ ಡೈರಿಗಳಲ್ಲಿ ತನ್ನ ಹೆಸರು ಹುಡುಕಿ ಹುಡುಕಿ ಸಾಕಾಗಿತ್ತು. ಕಂಪೌಂಡರನ ಸೈಕಲ್ಲಿಗೂ ಅಲ್ಲಿ ಜಾಗವಿತ್ತು, ತನ್ನ ಹೆಸರಿಗಿರಲಿಲ್ಲ. ಈ ಪುಟದ ಮೊದಲ ಗೆರೆ, ‘ನೂರಾ ಹತ್ತು ರೋಗಿಗಳನ್ನು ನೋಡಿದೆ.’ ಗಂಡ ಅದನ್ನು ಬರೆದದ್ದು ಹಾಸಿಗೆಯಲ್ಲಿ, ಕತ್ತಿನವರೆಗೆ ಕಂಬಳಿ ಎಳೆದುಕೊಂಡು. ಆ ನೂರಾ ಹತ್ತು ಜನರ ತಲೆಯೆತ್ತಿ ಹಿಡಿದು ಚಮಚದಲ್ಲಿ ನೀರು ಕುಡಿಸಿದ್ದು ತಾನು. ಈ ಪುಸ್ತಕದಲ್ಲಿ ಅದು ಬರದಿದ್ದರೆ ಇನ್ನೆಲ್ಲೂ ಬರುವುದಿಲ್ಲ. ತಾನು ಓದಿ ಹೇಳಿದ್ದರಲ್ಲಿ ನಡೆಯದ್ದು ಒಂದೂ ಇರಲಿಲ್ಲ, ಗಂಡ ಬರೆದದ್ದೂ ಒಂದೂ ಇರಲಿಲ್ಲ.

“ಅಕ್ಕಾ,” ಟೀಚರ್ ಮೆಲ್ಲಗೆ ಕೇಳಿದರು, “ಎರಡನೇ ಗೆರೆಯ ಕೆಳಗೆ ಕೆಂಪು ಶಾಯಿಯಲ್ಲಿ ಗೀಟು ಎಳೆದಿದಾರಲ್ಲ, ಆ ಗೆರೆಯಲ್ಲಿ ಏನಿದೆ?”

ಆಕೆ ಈ ಸಲ ಇದ್ದದ್ದನ್ನೇ ಓದಿದರು. “ಊಟ ಒಂದು ಗಂಟೆ ತಡ. ಅವಳನ್ನು ವಿಚಾರಿಸಬೇಕು.”

ಟೀಚರ್ ಬೆರಳು ಅಲ್ಲೇ ನಿಂತಿತು. “ಬಿಟ್ಟುಬಿಡಲಾ?”

“ಬೇಡ, ಹಾಕು. ಒಂದು ಗೆರೆಯಾದ್ರೂ ಅವರದ್ದೇ ಇರಲಿ.”