ಬೀಜದ ಬಂಡೆ

ಚಿಂತಾಮಣಿ ಕಡೆ ವೆಂಕಟರವಣಪ್ಪ ಅಂತ ಒಬ್ಬ ಕಲ್ಲು ಕ್ರಷರ್ ಮಾಲೀಕರು...
ಬೆಟ್ಟ ಅಗೆದು ಇಲಿ ಹಿಡಿದವರಲ್ಲ, ಮೂರಂತಸ್ತಿನ ಮನೆ ಕಟ್ಟಿದವರು!

ಅವತ್ತು ಬೆಳಗಿನಿಂದ ಅವರಿಗೆ ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು... ಕಾಫಿ ತಣ್ಣಗಾದರೂ ಕುಡಿಯಲಿಲ್ಲ.

ಬೆಟ್ಟದಲ್ಲಿ ಉಳಿದಿದ್ದು ಒಂದೇ ಬಂಡೆ. ಮಧ್ಯಾಹ್ನ ಅದಕ್ಕೂ ಬ್ಲಾಸ್ಟಿಂಗ್ ಇತ್ತು.

ಬೆಳಗ್ಗೆ, ಮರುದಿನದ ಟೆಸ್ಟ್‌ಗೆ ಓದುತ್ತಿದ್ದ ಮಗಳು ಗಾನವಿ, ಕಲ್ಲು ನವೀಕರಿಸಬಹುದಾದ ಸಂಪನ್ಮೂಲವೇ ಅಂತ ಕೇಳಿದ್ದಳು.
ಹೌದು, ಕಲ್ಲು ಬೆಳೆಯುತ್ತೆ, ನಿಮ್ಮಜ್ಜಿ ರಾಗಿ ಇಡುವುದು ಅದಕ್ಕೇ ಅಂದುಬಿಟ್ಟರು.

ಮಗಳು ನಕ್ಕಳು. "ಅಪ್ಪಾ, ಒಂದು ಬಂಡೆ ಆಗೋಕೆ ಕೋಟ್ಯಂತರ ವರ್ಷ ಬೇಕು."

ಆ ನಗು ಅವರನ್ನು ಬಿಡಲೇ ಇಲ್ಲ...

ಅವರ ತಾಯಿ ಮುನಿಲಕ್ಷ್ಮಮ್ಮ ಹಿಂದೆ ಕೈಯಲ್ಲೇ ಜಲ್ಲಿ ಒಡೆದವರು. ಕಲ್ಲು ಒಡೆಯುವ ಮುಂಚೆ ಬೆಟ್ಟದ ಮೇಲೆ ಒಂದು ಹಿಡಿ ರಾಗಿ ಇಟ್ಟು, "ಬೆಳೆದು ಬಾ ತಾಯಿ" ಅನ್ನುವುದು ಅವರ ಮನೆತನದ ಪದ್ಧತಿ.
ಆ ಮಾತನ್ನು ನಂಬಿಯೇ ಮಗ ಬೆಟ್ಟವನ್ನೇ ತಿಂದಿದ್ದರು!

ತಡೆಯಲಾಗದೆ ಕಾರು ಹತ್ತಿ ಬೆಟ್ಟಕ್ಕೆ ಹೊರಟರು...

ಬಂಡೆಗೆ ಮದ್ದು ತುಂಬಿ, ವೈರ್ ಎಳೆದಾಗಿತ್ತು. ಕೆಲಸದವರು ದೂರ ನಿಂತಿದ್ದರು.
ಬಂಡೆಯ ಎದುರು ತಾಯಿ ಒಬ್ಬರೇ. ರಾಗಿ ಇನ್ನೂ ಮುಷ್ಟಿಯಲ್ಲೇ ಇತ್ತು.

ಬೇಗ ಇಟ್ಟು ಬಾಮ್ಮ, ಎಲ್ಲರೂ ಕಾಯುತ್ತಿದ್ದಾರೆ ಅಂದರು ಮಗ.

"ಎಲ್ಲಿ ಇಕ್ಕಲಪ್ಪಾ?"

ಮಗನಿಗೆ ಅರ್ಥವಾಗಲಿಲ್ಲ.

"ಒಡೆಯೋ ಕಲ್ಲಿನ ಮೇಲೆ ನಾನು ಯಾವತ್ತೂ ರಾಗಿ ಇಕ್ಕಿಲ್ಲ ಕಣೋ... ಉಳಿಯೋ ಬಂಡೆ ಮೇಲೆ ಇಕ್ತಿದ್ದೆ. ಅದು ಬೀಜ. ನೀನು ಈ ಸಲ ಬೀಜಕ್ಕೂ ಉಳಿಸ್ಲಿಲ್ವಲ್ಲೋ..."

ಅದೇ ಬಂಡೆಯ ನೆರಳಲ್ಲಿ ಸೀರೆ ಹಾಸಿ, ಕೂಸಾಗಿದ್ದ ಈ ಮಗನನ್ನು ಮಲಗಿಸಿ, ಆ ತಾಯಿ ಜಲ್ಲಿ ಒಡೆದಿದ್ದರು.

ವೆಂಕಟರವಣಪ್ಪನವರ ಕಣ್ಣು ತುಂಬಿ ಬಂತು. ವೈರ್ ಬಿಚ್ಚಿ, ಮದ್ದು ತೆಗೆಯಲು ಹೇಳಿದರು. ಮೇಸ್ತ್ರಿ ಎರಡು ಸಲ ಕೇಳಿದ... ಎರಡು ಸಲವೂ ಅದೇ ಉತ್ತರ.

ಎಲ್ಲ ತೆಗೆದಾದ ಮೇಲೆ ಮುನಿಲಕ್ಷ್ಮಮ್ಮ ಮುಷ್ಟಿ ಬಿಚ್ಚಿದರು. ರಾಗಿ ಬಂಡೆಯ ಮೇಲೆ ಚೆಲ್ಲಿತು.

ಮಗ ಅಲ್ಲೇ ನಿಂತು ಮನೆಗೆ ಫೋನ್ ಮಾಡಿದರು.
"ನೀನು ಹೇಳಿದ್ದೇ ಸರಿ ಗಾನವಿ. ಕಲ್ಲು ಬೆಳೆಯಲ್ಲ... ಟೆಸ್ಟಲ್ಲಿ ಹಾಗೇ ಬರಿ ಮಗಳೇ."

*ಬೆಳೆ ಮತ್ತೆ ಬರುತ್ತದೆ... ಬೆಟ್ಟ ಬರುವುದಿಲ್ಲ.*

ನಿಮ್ಮೂರಿನಲ್ಲಿ ಒಂದು ಹಿಡಿ ರಾಗಿ ಇಡುವಷ್ಟಾದರೂ ಬಂಡೆ ಉಳಿದಿದೆಯೇ?