ಅಗ್ಗಿಷ್ಟಿಕೆ ಒಡೆದ ಸೊಸೆ

ಮೊದಲ ಏಟಿಗೇ ಗಾರೆಯ ಸಿಂಹದ ಮೂತಿ ಉದುರಿತು. ಸೊಸೆ ಕಣ್ಣು ಮುಚ್ಚಿಕೊಂಡಳು. ಅತ್ತೆ ಹತ್ತಿದ ಬಸ್ಸು ಇನ್ನೂ ಎರಡು ಊರು ದಾಟಿರಲಿಕ್ಕಿಲ್ಲ.

"ನಿಲ್ಲಿಸ್ಲಾ ಅಕ್ಕಾ?" ಮೇಸ್ತ್ರಿ ಸುತ್ತಿಗೆ ಎತ್ತಿ ಹಿಡಿದೇ ಕೇಳಿದ.

"ಬೇಡ, ಒಡೀರಿ. ನನ್ನ ಮನಸ್ಸು ಬದಲಾಗೋದ್ರೊಳಗೆ ಒಡೀರಿ."

ಆ ಅಗ್ಗಿಷ್ಟಿಕೆ ನಡುಮನೆಯ ಅರ್ಧ ಗೋಡೆಯನ್ನು ನುಂಗಿ ಕೂತಿತ್ತು. ಕಪ್ಪು ಕಲ್ಲಿನ ಚೌಕಟ್ಟು, ಎರಡು ಪಕ್ಕದಲ್ಲಿ ಗಾರೆಯ ಸಿಂಹಗಳು, ಮೇಲೆ ಸೂರಿನವರೆಗೂ ಮಸಿ. ಕಟ್ಟಿಸಿದ್ದು ಅತ್ತೆಯ ಅತ್ತೆ. ಚಳಿಗಾಲದಲ್ಲಿ ಬೆಂಕಿ ಹಾಕಿದರೆ ಶಾಖವೆಲ್ಲ ಚಿಮಣಿಯ ಪಾಲು, ಹೊಗೆಯೆಲ್ಲ ಮನೆಯವರ ಪಾಲು. ಕೆಮ್ಮದೆ ಆ ಕೋಣೆಯಲ್ಲಿ ಯಾರೂ ಒಂದು ಮಾತು ಪೂರಾ ಆಡಿದ್ದಿಲ್ಲ.

ಆದರೂ ಅದನ್ನು ಮುಟ್ಟುವಂತಿರಲಿಲ್ಲ. ಕಾರಣ, ದೊಡ್ಡತ್ತೆ. ತೀರಿಹೋದ ಮಾವನ ಅಕ್ಕ. ಪ್ರತಿ ಚಳಿಗಾಲ ಬಂದು ಎರಡು ತಿಂಗಳು ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಹೊಗೆಗೆ ಕಣ್ಣಲ್ಲಿ ನೀರು ಬಂದರೆ "ಅಮ್ಮನ ನೆನಪು" ಎನ್ನುತ್ತಿದ್ದರು. ಅತ್ತೆ ಮದುವೆಯಾಗಿ ಬಂದ ಹೊಸತರಲ್ಲೇ ದೊಡ್ಡತ್ತೆ ಅವರಿಂದ ಮಾತು ತೆಗೆದುಕೊಂಡಿದ್ದರಂತೆ: ಈ ಅಗ್ಗಿಷ್ಟಿಕೆಯ ಒಂದು ಕಲ್ಲನ್ನೂ ಅಲ್ಲಾಡಿಸುವುದಿಲ್ಲ ಎಂದು. ಮೂವತ್ತೆರಡು ವರ್ಷ ಅತ್ತೆ ಕೆಮ್ಮಿದರು, ಮಾತು ಮಾತ್ರ ತಪ್ಪಲಿಲ್ಲ.

ಈ ಸಲ ದೊಡ್ಡತ್ತೆಗೆ ಮಂಡಿನೋವು. ಅವರ ಮನೆಯಲ್ಲಿ ಹತ್ತು ದಿನ ಇದ್ದು, ನೋವು ಇಳಿದ ಮೇಲೆ ಜೊತೆಗೇ ಕರೆತರುತ್ತೇನೆಂದು ಅತ್ತೆ ಹೊರಟರು. ಹೊಸ್ತಿಲಲ್ಲಿ ನಿಂತು, "ನೋಡಮ್ಮಾ, ನಾನಿಲ್ಲ ಅಂತ ಆ ಅಗ್ಗಿಷ್ಟಿಕೆ ತಂಟೆಗೆ ಹೋಗ್ಬೇಡ" ಎಂದರು. ಗೇಟಿನವರೆಗೆ ಹೋದವರು ತಿರುಗಿ ಬಂದರು. "ಹತ್ತು ದಿನ ಕಣಮ್ಮಾ. ಪೂರಾ ಹತ್ತು ದಿನ ಈ ಕಡೆ ತಲೆ ಹಾಕಲ್ಲ."

ನಾಲ್ಕು ವರ್ಷದಿಂದ ಸೊಸೆಯ ಎದೆಯಲ್ಲಿ ಗುಸುಗುಸು ಎನ್ನುತ್ತಿದ್ದ ಆಸೆ ಆ ಕ್ಷಣ ದನಿಯೆತ್ತಿ ಮಾತಾಡಿತು. ಇನ್ನೂ ಯಾರನ್ನು ಕರೆಸುವುದೆಂದು ಯೋಚಿಸುತ್ತಿರುವಾಗಲೇ ಬಾಗಿಲು ಬಡಿದ ಸದ್ದು. ಹೊರಗೆ ಮೇಸ್ತ್ರಿ.

"ನಿಮ್ಮ ಚಿಮಣಿ ಬಿರುಕು ಬಿಟ್ಟಿರೋದು ರಸ್ತೆಗೇ ಕಾಣ್ತಿದೆ ಅಕ್ಕಾ. ಏನಾದ್ರೂ ಕೆಲಸ ಇದ್ಯಾ?"

ಅದೃಷ್ಟ ಹೀಗೂ ಹುಡುಕಿಕೊಂಡು ಬರುತ್ತದೆಯೇ ಎಂದು ಅವಳಿಗೆ ಸೋಜಿಗವಾಯಿತು.

ಸಂಜೆ ಗಂಡ ಬಂದು ಕಲ್ಲಿನ ರಾಶಿ ನೋಡಿದ. ಮುಖ ಬೆವೆತಿತು. "ನಾನು ಏನೂ ನೋಡಿಲ್ಲ" ಎಂದವನು ಮರುದಿನದಿಂದ ಹಿತ್ತಲ ಬಾಗಿಲಲ್ಲೇ ಓಡಾಡತೊಡಗಿದ.

ಕೆಲಸ ಮಾತ್ರ ಹೂ ಎತ್ತಿದಂತೆ ಸಾಗಿತು. ಮೂರನೆಯ ದಿನ ಮೇಸ್ತ್ರಿ ಗಾಜಿನ ಬಾಗಿಲಿನ ಕಬ್ಬಿಣದ ಒಲೆ ತಂದ. ಗೂಡಿನಲ್ಲಿ ಇಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

"ಅಳತೆ ಯಾವಾಗ ತಗೊಂಡ್ರಿ?"

"ಕಣ್ಣಳತೆ ಅಕ್ಕಾ" ಎಂದ ಮೇಸ್ತ್ರಿ, ಅವಳ ಕಣ್ಣು ತಪ್ಪಿಸಿ.

ಒಲೆಯ ಸುತ್ತ ಹಸಿರು ಟೈಲ್ಸ್ ಬಂತು. ಗೋಡೆಗೆ ಕೆನೆಬಣ್ಣ ಹತ್ತಿತು. ಅವಳೇ ಕಿಟಕಿಯ ದಪ್ಪ ಪರದೆ ಕಿತ್ತು ತೆಳುವಾದದ್ದನ್ನು ಹೊಲಿದಳು. ಮೂಲೆಯಲ್ಲಿದ್ದ ಪುಸ್ತಕದ ಕಪಾಟು ಬೆಳಕಿಗೆ ಬಂತು. ಎಂಟನೆಯ ದಿನ ಬೆಳಿಗ್ಗೆ ಪರೀಕ್ಷೆಗೆಂದು ಸೌದೆ ಹಚ್ಚಿದರು. ಹೊಗೆ, ಹೇಳಿದ ಮಾತು ಕೇಳುವ ಮಗುವಿನಂತೆ, ಸೀದಾ ಮೇಲೇರಿತು. ಸೊಸೆ ನೆಲದ ಮೇಲೆ ಕೂತು ಬಿಸಿಗೆ ಅಂಗೈ ಚಾಚಿದಳು. ಖುಷಿಯ ಹಿಂದೆಯೇ ಭಯ ಒತ್ತರಿಸಿತು. ಇನ್ನೆರಡೇ ದಿನ. ಅತ್ತೆಗೆ ಏನು ಹೇಳುವುದೆಂದು ಮೂರು ಬಗೆಯ ಮಾತು ಕಟ್ಟಿ ಬಾಯಿಪಾಠ ಮಾಡತೊಡಗಿದಳು.

ಮೂರನೆಯದನ್ನು ಮುಗಿಸುವ ಮೊದಲೇ ಗೇಟು ಕಿರ್ರೆಂದಿತು.

ಕೋಲೂರಿಕೊಂಡು ದೊಡ್ಡತ್ತೆ, ಹಿಂದೆ ಬ್ಯಾಗು ಹಿಡಿದು ಅತ್ತೆ. ಮೇಸ್ತ್ರಿಯ ಕೈಯ ಕರಣೆ ಅಲ್ಲೇ ನಿಂತಿತು. ರಜೆಯೆಂದು ಮನೆಯಲ್ಲಿದ್ದ ಗಂಡ ಸೂರಿನಲ್ಲಿ ಜೇಡರಬಲೆ ಹುಡುಕಿದ.

"ಅಯ್ಯೋ ಅಮ್ಮಾ!" ದೊಡ್ಡತ್ತೆ ತೀರಿಹೋದ ತಾಯಿಯನ್ನು ಕರೆದರು. "ಯಾರು ಮಾಡಿದ್ದು ಇದು? ಯಾರಿಗೆ ಬಂತು ಇಂಥ ಬುದ್ಧಿ?"

"ನನ್ನನ್ನ ಕೇಳ್ಬೇಡಿ ಅತ್ತಿಗೆ. ಎಂಟು ದಿನ ನಿಮ್ಮ ಕಾಲು ಒತ್ಕೊಂಡು ನಿಮ್ಮ ಮನೇಲೇ ಇದ್ದೆ." ಅತ್ತೆ ಸೊಸೆಯತ್ತ ತಿರುಗಿದರು. "ಎಷ್ಟು ಧೈರ್ಯ ನಿನಗೆ! ಮೂವತ್ತೆರಡು ವರ್ಷ ನನ್ನ ಕೈಲಾಗದ್ದನ್ನ ಎಂಟೇ ದಿನದಲ್ಲಿ ಮಾಡಿಬಿಟ್ಯಲ್ಲ!"

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಸೊಸೆಯ ಮುಖ ಸುಣ್ಣದಂತಾಯಿತು. "ಎಲ್ಲಾ ನನ್ನದೇ ತಪ್ಪು. ಇವರ್ಯಾರಿಗೂ ಗೊತ್ತಿರ್ಲಿಲ್ಲ" ಎಂದಷ್ಟೇ ಹೇಳಿದಳು.

"ಗೊತ್ತಾಯ್ತು ಬಿಡು" ಎಂದರು ದೊಡ್ಡತ್ತೆ. "ಈ ಮನೇಲಿ ಇನ್ನು ಒಂದು ಗಳಿಗೆ ಇರಲ್ಲ. ಚಳಿಗಾಲ ಕಳೆಯೋಕೆ ನನಗೆ ಮಗಳ ಮನೆ ಇಲ್ವಾ? ಇನ್ಮೇಲೆ ಈ ಹೊಸ್ತಿಲು ತುಳಿದ್ರೆ ಕೇಳಿ."

ಗಂಡ ಅವರನ್ನು ಬಸ್‌ ನಿಲ್ದಾಣಕ್ಕೆ ಕರೆದುಕೊಂಡು ಹೋದ. ಅತ್ತೆ ಗೇಟಿನವರೆಗೂ ಕಣ್ಣೊರೆಸಿಕೊಳ್ಳುತ್ತ ಹೋಗಿ, ಬೀದಿ ತಿರುವಿನಲ್ಲಿ ಇಬ್ಬರೂ ಮರೆಯಾಗುವವರೆಗೆ ನಿಂತರು. ಒಳಗೆ ಬಂದು ಬಾಗಿಲ ಚಿಲಕ ಹಾಕಿದರು. ಕುರ್ಚಿಯನ್ನು ಒಲೆಯ ಹತ್ತಿರ ಎಳೆದುಕೊಂಡು ಕೂತು ಕಾಲು ಚಾಚಿದರು. ಸೊಸೆ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು.

ಮಾತಾಡಿದ್ದು ಮೇಸ್ತ್ರಿ. "ಏನಮ್ಮಾ ಇದು, ಹತ್ತು ದಿನ ಅವರನ್ನ ಅಲ್ಲೇ ಹಿಡ್ಕೊಂಡಿರ್ತೀನಿ ಅಂತ ನನಗೆ ಹೇಳಿ ಹೋಗಿದ್ರಿ. ಇನ್ನೂ ಒಂದು ಸಾಲು ಟೈಲ್ಸ್ ಬಾಕಿ ಇದೆ."

"ಏನ್ ಮಾಡ್ಲಿ ಮೇಸ್ತ್ರಿ, ಅವರ ಮಂಡಿ ಬೇಗ ವಾಸಿಯಾಗ್ಬಿಡ್ತು."

ಸೊಸೆ ಒಮ್ಮೆ ಅತ್ತೆಯ ಮುಖ, ಒಮ್ಮೆ ಮೇಸ್ತ್ರಿಯ ಮುಖ ನೋಡಿದಳು. "ಅತ್ತೆ... ಇವರನ್ನ ಕಳಿಸಿದ್ದು ನೀವಾ? ನನಗೊಂದು ಮಾತು ಹೇಳ್ಬಾರ್ದಿತ್ತಾ?"

ಅತ್ತೆ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

"ಹೇಳಿದ್ದಿದ್ರೆ ನಿನ್ನ ಮುಖ ಅಷ್ಟು ಚೆನ್ನಾಗಿ ಬಿಳಿಚಿಕೊಳ್ತಿತ್ತೇನೇ?"