ಮೂರನೆಯ ಸಲ

ಒಳಕೋಣೆಯ ಬಾಗಿಲಿಗೆ ಕಿವಿಯಿಟ್ಟು ನಿಂತ ಹೆಂಡತಿಗೆ ಗಂಡನ ಪಿಸುದನಿ ಕೇಳಿಸಿತು.

"ಬೇಜಾರ್ ಮಾಡ್ಕೋಬೇಡ. ನಾನು ಇಲ್ಲೇ ಇದೀನಲ್ಲ."

ಸ್ವಲ್ಪ ಬಿಟ್ಟು ಅದೇ ಮಾತು. ಮತ್ತೊಮ್ಮೆ ಅದೇ. ಆ ಕಡೆಯವಳು ಯಾರೋ ಏನೋ, ಮೂರು ಸಲ ರಮಿಸಿದರೂ ಸಮಾಧಾನವಾಗದಂಥವಳು. ಹೆಂಡತಿ ಸದ್ದಿಲ್ಲದೆ ಬಂದು ಇಸ್ತ್ರಿ ಮೇಜಿನ ಮುಂದೆ ನಿಂತಳು. ಗಿರಾಕಿಯ ಬಿಳಿ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂತಿತು.

ಗಂಡ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಅವನು 'ಒಂದು ಸಲ, ಎರಡು ಸಲ, ಮೂರು ಸಲ' ಎಂದರೆ ಮಂಡಿಯ ಆ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂರುತ್ತಿತ್ತು. ಮನೆಯಲ್ಲೂ ಅದೇ ಚಾಳಿ, ಯಾವ ಮಾತನ್ನೂ ಒಂದೇ ಸಲಕ್ಕೆ ಬಿಡುತ್ತಿರಲಿಲ್ಲ. ಸ್ಮಾರ್ಟ್‌ಫೋನ್ ಬಂದ ಹೊಸತರಲ್ಲಿ ಅದರೊಳಗೂ ಹಾಗೇ ಕೂಗಿ ಮನೆಯ ವಿಚಾರವನ್ನೆಲ್ಲ ಬೀದಿಗೆ ಹಂಚಿದ್ದ. ಹಸಿರು ಗುಂಡಿಯನ್ನು ಒತ್ತಬೇಕೋ ಸರಿಸಬೇಕೋ ತಿಳಿಯದೆ, ಕರೆ ನಿಂತ ಮೇಲೆ "ಹಲೋ" ಎನ್ನುತ್ತಿದ್ದ. ಗಂಡಹೆಂಡಿರು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಅಂಥವನು ಈಗ ಫೋನಿಗೆ ಬೀಗ ಹಾಕುವುದನ್ನು ಕಲಿತಿದ್ದ.

ಕಲಿಸಿದವಳು ಬೀದಿ ಕೊನೆಯ ಮೊಬೈಲ್ ಅಂಗಡಿಯ ಹುಡುಗಿ. ಇಸ್ತ್ರಿ ಬಟ್ಟೆ ಕೊಡಲು ಹೊರಟ ಹೆಂಡತಿ ಒಂದು ಮಧ್ಯಾಹ್ನ ಕಣ್ಣಾರೆ ಕಂಡಿದ್ದಳು. ಇಬ್ಬರೂ ಒಂದೇ ಫೋನಿನ ಮೇಲೆ ಬಗ್ಗಿದ್ದರು. ಹುಡುಗಿ ಅವನ ಬೆರಳು ಹಿಡಿದು ಗಾಜಿನ ಮೇಲೆ ಸರಿಸುತ್ತಿದ್ದಳು.

ಅಂದಿನಿಂದ ಎಲ್ಲವೂ ಒಂದಕ್ಕೊಂದು ತಾಳೆಯಾಗತೊಡಗಿತು. ಕತ್ತಿಗೆ ಹೊಸ ಮಫ್ಲರ್ ಬಂದಿತ್ತು, ಸೆಖೆಯಲ್ಲೂ ಬಿಚ್ಚುತ್ತಿರಲಿಲ್ಲ. ಬಾಯಲ್ಲಿ ಸದಾ ಪುದೀನ ಗುಳಿಗೆಯ ವಾಸನೆ, ಈ ವಯಸ್ಸಿನಲ್ಲಿ. ಹರಾಜನ್ನು ಪಕ್ಕದವನಿಗೆ ಬಿಟ್ಟುಕೊಟ್ಟು ಆಗಾಗ ಎಲ್ಲಿಗೋ ಹೋಗುತ್ತಾನೆಂದು ಮಂಡಿಯ ಮೂಟೆ ಹೊರುವವನು ಬಾಯಿಬಿಟ್ಟಿದ್ದ. ಅವಳನ್ನು ಎಲ್ಲಕ್ಕಿಂತ ನೋಯಿಸಿದ್ದು ಜಗಳ ನಿಂತದ್ದು. ಎದುರುತ್ತರ ಕೊಡದೆ ಊಟ ಸೇರದ ಮನುಷ್ಯ ಈಗ ಎಷ್ಟು ಕೆಣಕಿದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಅವಳ ಇಸ್ತ್ರಿಪೆಟ್ಟಿಗೆಯನ್ನೂ ಸಿಟ್ಟನ್ನೂ ಸೇರಿಸಿ 'ಕೆಂಡ' ಎಂದು ಅವನೇ ಇಟ್ಟ ಹೆಸರು, ಅದನ್ನೂ ಕೂಗುತ್ತಿರಲಿಲ್ಲ. ಇರುವ ಮಾತನ್ನೆಲ್ಲ ಇನ್ನೊಬ್ಬಳಿಗಾಗಿ ಕೂಡಿಡುತ್ತಿದ್ದಾನೆ ಎಂದು ಅವಳಿಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷದ ಸಂಸಾರ ಕೈಜಾರಿ ಹೋಗುತ್ತಿದೆ ಎಂಬ ಭಯವೂ ಆಯಿತು.

ಕೊನೆಗೆ ಗಟ್ಟಿ ಮನಸ್ಸು ಮಾಡಿ ಆ ಹುಡುಗಿಯ ಬಳಿಯೇ ಪಾಠಕ್ಕೆ ಹೋದಳು. ತನಗೂ ಫೋನು ಕಲಿಸು ಎಂದಳು. ಹುಡುಗಿ ಹಳೆಯದೊಂದನ್ನು ಮುಂದಿಟ್ಟಳು. ಶಾಖಕ್ಕೆ ದಡ್ಡುಗಟ್ಟಿದ ಬೆರಳನ್ನು ಫೋನು ಬೆರಳೆಂದೇ ಒಪ್ಪಲಿಲ್ಲ. ಇಸ್ತ್ರಿ ಅದುಮಿದಂತೆ ಅದುಮಿದಳು. ಚಿತ್ರಗಳೆಲ್ಲ ಗಡಗಡ ನಡುಗಿ, ಅವುಗಳಲ್ಲೊಂದು ಕಣ್ಣೆದುರೇ ಮಾಯವಾಯಿತು. ಅವಳ ಹಣೆ ಬೆವರಿತು. ಅಮುಕಬಾರದು, ಮುಟ್ಟಿ ಬಿಡಬೇಕು ಎಂದು ಹುಡುಗಿ ಅವಳ ಬೆರಳನ್ನೂ ಹಿಡಿದು ಸರಿಸಿದಳು. ಮೈಕಿನ ಚಿತ್ರ ದನಿ ಹಿಡಿಯುವುದಕ್ಕೆ, ತ್ರಿಕೋನ ಅದನ್ನು ಕೇಳುವುದಕ್ಕೆ ಎಂದು ತಾನಾಗಿಯೇ ತೋರಿಸಿದಳು.

"ನಮ್ಮನೆಯವ್ರು ಬೇಗ ಕಲ್ತ್ರಾ?"

ಹುಡುಗಿ ತಲೆಯೆತ್ತಲಿಲ್ಲ. "ಅವ್ರಿಗೆ ಆತುರ ಇತ್ತು, ಅಕ್ಕ."

"ಯಾಕಂತೆ?"

"ಅದನ್ನ ಅವ್ರ ಬಾಯಿಂದಾನೇ ಕೇಳಿ. ತಡ ಮಾಡ್ಬೇಡಿ."

ಎಂಥ ಸೊಕ್ಕು ಎಂದುಕೊಂಡು ಅವಳು ಮನೆಗೆ ಬಂದಳು.

ನೀರೆಂದರೆ ಫೋನಿಗೆ ಆಗದು. ಹಾಗಾಗಿ ಸ್ನಾನದ ಹೊತ್ತಿನಲ್ಲಿ ಮಾತ್ರ ಗಂಡ ಅದನ್ನು ಹೊರಗೆ ಬಿಡುತ್ತಿದ್ದ. ಮರುದಿನ ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿದ್ದೇ ಅವಳು ಅದನ್ನೆತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಬಟ್ಟೆಯ ಮೇಲಿನ ಸುಕ್ಕು ಹುಡುಕುವುದು ಅವಳಿಗೆ ಹೀಗೇ ರೂಢಿ. ಅವನ ಬೆರಳು ದಿನವೂ ಎಳೆದ ಗೆರೆ ಗಾಜಿನ ಮೇಲೆ ಮಸುಕಾಗಿ ಹೊಳೆಯಿತು. ಅದೇ ದಾರಿಯಲ್ಲಿ ತನ್ನ ಬೆರಳನ್ನು ಸರಿಸಿದಳು. ಬೀಗ ಬಿಟ್ಟಿತು.

ಕರೆಗಳಲ್ಲಿ ಮಂಡಿಯವರನ್ನು ಬಿಟ್ಟು ಯಾರೂ ಇರಲಿಲ್ಲ. ಅಳಿಸಿದ್ದಾನೆ, ಚಾಲಾಕಿ. ಮೈಕಿನ ಚಿತ್ರವನ್ನು ಮುಟ್ಟಿದಳು. ಉದ್ದಕ್ಕೂ ತ್ರಿಕೋನಗಳು. ಮೊದಲನೆಯದನ್ನು ಮುಟ್ಟಿ ಬಿಟ್ಟಳು.

"ಬೆಳಗಾಯ್ತು, ಏಳು." ಗಂಡನ ಒಡಕು ದನಿ, ಮೂರು ಸಲ.

ಮುಂದಿನದು. "ಉಪ್ಪು ಕಮ್ಮಿ ಆಯ್ತು." ಮೂರು ಸಲ. ಅವಳ ಅಡುಗೆಗೆ ತುಟಿಪಿಟಕ್ಕೆನ್ನದವನು ಇನ್ನೊಬ್ಬಳ ಅಡುಗೆಗೆ ಹೆಸರಿಡುತ್ತಿದ್ದಾನೆ. ಅವಳು ಅದರ ಕೆಳಗಿನದನ್ನು ಮುಟ್ಟಿದಳು.

"ಸರಿ ಮಾರಾಯ್ತಿ, ನೀನ್ ಹೇಳಿದ್ದೇ ಸರಿ." ಮೂರು ಸಲ. ಜಗಳದಲ್ಲಿ ಸೋತು ಅವನು ಹೇಳುವ ಈ ಮಾತು ತನ್ನೊಬ್ಬಳಿಗೇ ಎಂದು ಅವಳು ನಂಬಿದ್ದಳು.

ಕೊನೆಯ ತ್ರಿಕೋನವನ್ನು ಮುಟ್ಟಿದಳು. ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಅವನು ನಿಧಾನವಾಗಿ, ಮಾತು ಮಾತಿಗೂ ಉಸಿರೆಳೆದುಕೊಂಡು ಹೇಳತೊಡಗಿದ.

"ಮುಂದಿನ ವಾರ ಧ್ವನಿಪೆಟ್ಟಿಗೆ ತೆಗೀತಾರಂತೆ. ಗಂಟಲಲ್ಲಿ ಗಡ್ಡೆ. ಜೀವಕ್ಕೇನೂ ಆಗಲ್ಲ ಅಂದ್ರು, ಮಾತು ಮಾತ್ರ ಹೋಗುತ್ತಂತೆ. ನಿಂಗೆ ಹೇಳೋಣ ಅಂತ ದಿನಾ ಬಾಯಿ ತೆಗೀತೀನಿ, ಆಗಲ್ಲ. ಜಗಳಕ್ಕೆ ಬೇಕಾಗೋದೆಲ್ಲ ಇದ್ರಲ್ಲಿ ಇಟ್ಟಿದೀನಿ. ನಿನ್ನ ಹೆಸರೊಂದು ಬಾಕಿ."

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಫೋನಿನೊಳಗೆ ಅವನು ಗಂಟಲು ಸರಿಮಾಡಿಕೊಂಡ.

"ಕೆಂಡಾ."

ಸ್ವಲ್ಪ ಬಿಟ್ಟು, "ಕೆಂಡಾ."

ಮೂರನೆಯ ಸಲ ಬರೀ ಉಸಿರು ಬಂತು.